ಅಂಗನವಾಡಿ ಬಾಗಿಲಲ್ಲಿ ಹತ್ತು ನಿಮಿಷ

ಇವತ್ತು ಅಕ್ಕನ ಮಗಳನ್ನು ಅಂಗನವಾಡಿಗೆ ಬಿಡಲು ಹೋಗಿದ್ದೆ. ಟೀಚರ್ ಒಂದು ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡೇ ರಿಜಿಸ್ಟರ್ ಬರೆಯುತ್ತಿದ್ದರು. ಅದು ಏನೋ ತೊದಲಿದರೆ, "ಹೌದಾ! ಆಮೇಲೆ?" ಅಂತ ಕಣ್ಣರಳಿಸುತ್ತಿದ್ದರು.

ಸುಮ್ನೆ ನೋಡುತ್ತಾ ನಿಂತಾಗ ರೊಮೇನಿಯಾ ನೆನಪಾಯಿತು. ಅಲ್ಲಿನ ಅನಾಥಾಲಯಗಳಲ್ಲಿ ಹೇಗೋ ಊಟ ಸಿಗುತ್ತಿತ್ತು, ಹೀಗೆ ಎತ್ತಿ ಮಾತಾಡಿಸುವವರು ಮಾತ್ರ ಇರಲಿಲ್ಲ. 2000ದ ಸುಮಾರಿಗೆ ಅಲ್ಲಿನ ರಾಜಧಾನಿ ಬುಖಾರೆಸ್ಟ್‌ನಲ್ಲಿ ಅಂಥ 136 ಪುಟ್ಟ ಮಕ್ಕಳ ಅಧ್ಯಯನ ಶುರುವಾಯಿತು. ಅರ್ಧ ಮಕ್ಕಳನ್ನು ಸಾಕುವ ಮನೆಗಳಿಗೆ ಕಳಿಸಿದರು. ಅವರ ಬುದ್ಧಿಮಟ್ಟ ಏರಿತು. ಎರಡು ವರ್ಷ ತುಂಬುವ ಮೊದಲೇ ಹೋದವರ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ), ಅವರಿಗೆ ಎಂಟು ವರ್ಷವಾಗುವ ಹೊತ್ತಿಗೆ, ಮನೆಯಲ್ಲೇ ಬೆಳೆದ ಮಕ್ಕಳದ್ದರ ಹಾಗೇ ಕಂಡಿತು. (ಉಳಿದ ಅರ್ಧ ಮಕ್ಕಳನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ.) 2004ರಲ್ಲಿ ಆ ದೇಶ ಕಾನೂನನ್ನೇ ತಂದಿತು: ತೀವ್ರ ಅಂಗವೈಕಲ್ಯ ಇಲ್ಲದಿದ್ದರೆ, ಎರಡು ವರ್ಷದೊಳಗಿನ ಮಗುವನ್ನು ಅಂಥ ಅನಾಥಾಲಯಕ್ಕೆ ಸೇರಿಸುವಂತಿಲ್ಲ.

ನಮ್ಮ 2020ರ ಶಿಕ್ಷಣ ನೀತಿಯೂ ಮಿದುಳಿನ 85%ಕ್ಕಿಂತ ಜಾಸ್ತಿ ಬೆಳವಣಿಗೆ ಆರು ವರ್ಷದೊಳಗೇ ಆಗುತ್ತದೆ ಅನ್ನುತ್ತದೆ. ಆ ಅಂಕಿ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಮಿದುಳೇನು ಸೇರಲ್ಲಿ ಅಳೆಯುವ ಅಕ್ಕಿಯಾ? 2024ರಲ್ಲಿ ಕೇಂದ್ರ ತಂದ 'ನವಚೇತನ' ಮಾರ್ಗಸೂಚಿ ನನಗೆ ಹೆಚ್ಚು ಇಷ್ಟ. ಮೂರು ವರ್ಷದೊಳಗಿನ ಮಕ್ಕಳನ್ನು ಮಾತಾಡಿಸಿ, ಆಡಿಸಿ ಅನ್ನುತ್ತದೆ. ಅಜ್ಜಿ ಕಾಲ ಮೇಲೆ ಕೂರಿಸಿ ತೂಗುತ್ತಿದ್ದುದೂ ಅದೇ ಅಲ್ವಾ?

ಅಷ್ಟರಲ್ಲಿ ಟೀಚರ್ ಗದರಿದರು. "ನೀವು ಹೊರಡಿ ಸಾರ್, ಇಲ್ಲೇ ನಿಂತಿದ್ರೆ ಅವಳು ಅಳ್ತಾಳೆ."