ಎರ್ಡ್ರಿಕ್ ಅವರ ಯಾವ ಪುಸ್ತಕದಿಂದ ಶುರು ಮಾಡಲಿ?

ಅಮೆರಿಕದ ಮೂಲನಿವಾಸಿ ಕಾದಂಬರಿಗಾರ್ತಿ ಲೂಯಿಸ್ ಎರ್ಡ್ರಿಕ್ ಬಗ್ಗೆ ನಾನು ಮಾತು ಶುರು ಮಾಡಿದರೆ ಸಾಕು, ಸ್ನೇಹಿತರು ಕೇಳುವ ಪ್ರಶ್ನೆ ಒಂದೇ: "ಮೊದಲು ಯಾವುದನ್ನು ಓದಲಿ?"

ಎಲ್ಲರೂ ಸಾಮಾನ್ಯವಾಗಿ ಹೇಳುವುದು 1984ರಲ್ಲಿ ಬಂದ ಅವರ ಮೊದಲ ಕಾದಂಬರಿ 'ಲವ್ ಮೆಡಿಸಿನ್'. ತುಂಬ ದೊಡ್ಡ ಕೃತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಎಷ್ಟೋ ಮನೆತನಗಳು, ಎಷ್ಟೋ ಜನ ಕಥೆ ಹೇಳುವವರು. ಯಾರು ಯಾರ ಮಗಳು ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಪುಸ್ತಕ ಮುಗಿದಿರುತ್ತದೆ. ನಾನು ಕೈಗೆ ಕೊಡುವುದು 2020ರ 'ದಿ ನೈಟ್ ವಾಚ್‌ಮನ್'. ಅದು ಅವರ ಅಜ್ಜನಿಂದ ಹುಟ್ಟಿದ ಕಥೆ.

ಅಜ್ಜ ಪ್ಯಾಟ್ರಿಕ್ ಗೋರ್ನೊ. ಕೆನಡಾ ಗಡಿಯ ಹತ್ತಿರ, ನಾರ್ತ್ ಡಕೋಟದ ಟರ್ಟಲ್ ಮೌಂಟನ್‌ನಲ್ಲಿ ಚಿಪ್ಪೆವಾ ಬುಡಕಟ್ಟಿನ ಮುಖ್ಯಸ್ಥರಾಗಿದ್ದವರು. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಮಾತ್ರ ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲು. ಸೂಕ್ಷ್ಮ ಯಂತ್ರಗಳಿಗೆ ಬೇಕಾದ ಪುಟ್ಟ ಹರಳುಗಳನ್ನು ತಯಾರಿಸುವ ಕಾರ್ಖಾನೆ ಅದು.

1953ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಒಂದು ನಿರ್ಣಯ ಮಾಡಿತು. ಕೆಲವು ಬುಡಕಟ್ಟುಗಳನ್ನು ಸರ್ಕಾರದ ಹಿಡಿತದಿಂದ ಬಿಡಿಸುತ್ತೇವೆ ಅನ್ನುವುದು ಅದರ ಮಾತು. ಕೇಳೋಕೆ ಒಳ್ಳೆಯದೇ, ಅಲ್ವಾ? ನಿಜವಾದ ಅರ್ಥ ಬೇರೆ. ಬುಡಕಟ್ಟುಗಳ ಜೊತೆ ಮಾಡಿಕೊಂಡಿದ್ದ ಹಳೆಯ ಒಪ್ಪಂದಗಳಿಂದ ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ನೆಲ ಕೈತಪ್ಪುತ್ತದೆ. ಟರ್ಟಲ್ ಮೌಂಟನ್ ಹೆಸರೂ ಆ ಪಟ್ಟಿಯಲ್ಲಿತ್ತು. ಗೋರ್ನೊ ಜನರನ್ನು ಸೇರಿಸಿದರು, ವಾಷಿಂಗ್ಟನ್‌ವರೆಗೂ ಹೋಗಿ ವಾದ ಮಾಡಿದರು. ಅವರ ಜನ ಉಳಿದುಕೊಂಡರು.

ಅಜ್ಜ ಆಗ ಬರೆದ ಕಾಗದಗಳು ಮೊಮ್ಮಗಳ ಕೈಸೇರಿದ್ದವು. ಕಾದಂಬರಿಯ ರಾತ್ರಿ ಕಾವಲುಗಾರ ಥಾಮಸ್ ಮೂಡಿದ್ದು ಅವುಗಳಿಂದ. ರಾತ್ರಿಯೆಲ್ಲ ನಿದ್ದೆ ತಡೆದುಕೊಂಡು ಅಧಿಕಾರಿಗಳಿಗೆ ಪತ್ರ ಬರೆಯುತ್ತಾನೆ. ನಡುನಡುವೆ ವಸತಿ ಶಾಲೆಯ ಕಾಲದ ಗೆಳೆಯನ ದೆವ್ವ ಬಂದು ಮಾತಾಡಿಸುತ್ತದೆ. ಆ ಪುಟಗಳನ್ನು ನಾನು ಎಷ್ಟು ಸಲ ಓದಿದ್ದೇನೋ. 2021ರಲ್ಲಿ ಈ ಕಾದಂಬರಿಗೆ ಪುಲಿಟ್ಜರ್ ಪ್ರಶಸ್ತಿ ಬಂದಾಗ ನಮ್ಮ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು.

ಎರ್ಡ್ರಿಕ್ ಹುಟ್ಟಿದ್ದು 1954ರಲ್ಲಿ, ಮಿನೆಸೋಟದಲ್ಲಿ. ಅಪ್ಪ ಅಮ್ಮ ಇಬ್ಬರೂ ಮೇಷ್ಟರು. ಮಗಳು ಬರೆದ ಒಂದೊಂದು ಕಥೆಗೂ ಅಪ್ಪ ಐದು ಸೆಂಟ್ ಕೊಡುತ್ತಿದ್ದರು. 1972ರಲ್ಲಿ ಡಾರ್ಟ್‌ಮತ್ ಕಾಲೇಜು ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಆ ಮೊದಲ ತಂಡದಲ್ಲೇ ಇವರೂ ಸೇರಿದರು. ಈಗ ಮಿನಿಯಾಪೊಲಿಸ್‌ನಲ್ಲಿ ಬರ್ಚ್‌ಬಾರ್ಕ್ ಬುಕ್ಸ್ ಅನ್ನುವ ಸ್ವಂತ ಪುಸ್ತಕದಂಗಡಿಯೂ ಇದೆ.

ಎರಡನೆಯದಾಗಿ 2012ರ 'ದಿ ರೌಂಡ್ ಹೌಸ್' ಓದಿ. ಬುಡಕಟ್ಟಿನ ಹೆಂಗಸಿನ ಮೇಲೆ ಅತ್ಯಾಚಾರವಾಗುತ್ತದೆ. ನಡೆದ ಜಾಗ ಯಾರ ಕಾನೂನಿಗೆ ಸೇರಿದ್ದು ಅನ್ನುವ ಗೊಂದಲದಲ್ಲೇ ನ್ಯಾಯ ನಿಂತುಹೋಗುತ್ತದೆ. ಹದಿಮೂರು ವರ್ಷದ ಮಗ ಅದನ್ನೆಲ್ಲ ನೋಡುತ್ತಾನೆ. ಅದನ್ನು ಗಟ್ಟಿ ಮನಸ್ಸು ಮಾಡಿಕೊಂಡೇ ಓದಬೇಕು.

ಆಮೇಲೆ 'ಲವ್ ಮೆಡಿಸಿನ್' ತೆಗೆದುಕೊಳ್ಳಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ವಂಶವೃಕ್ಷ ಬರೆದುಕೊಳ್ಳುತ್ತಾ ಹೋಗಿ. ನಾನೂ ಹಾಗೇ ಓದಿದ್ದು.