ಈ ತಿಂಗಳ ಪಾಠ: ನೀರು

ಮಗನಿಗೆ 16, ಮಗಳಿಗೆ 14. ಇಬ್ಬರೂ ಮನೆಯಲ್ಲೇ ಓದುತ್ತಾರೆ. ತಿಂಗಳಿಗೊಂದು ವಿಷಯ ಹಿಡಿದು ಪಾಠಗಳನ್ನು ಅದರ ಸುತ್ತ ಕಟ್ಟುತ್ತೇವೆ. ಗಣಿತ ಮಾತ್ರ ದಿನಾ ಬೇರೆಯಾಗಿ ಇರಲೇಬೇಕು, ಅದನ್ನು ಬಿಟ್ಟರೆ ಕೈ ತಪ್ಪುತ್ತದೆ.

ಬೆಂಗಳೂರಿನ ನಲ್ಲಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಹತ್ತಿರ ಹತ್ತಿರ 500 ಮೀಟರ್ ಮೇಲೆತ್ತುತ್ತಾರೆ. ಮಗ ಕೂತು ಲೆಕ್ಕ ಹಾಕಿದ. ಸಾವಿರ ಲೀಟರಿನ ಒಂದು ಟ್ಯಾಂಕಿಗೆ ಅಷ್ಟು ಎತ್ತರಕ್ಕೆ 1.4 ಯೂನಿಟ್ ಕರೆಂಟ್. ಪಂಪಿನಲ್ಲಿ ಪೋಲಾಗುವುದು ಸೇರಿಸಿದರೆ ಇನ್ನೂ ಜಾಸ್ತಿ. ಭೌತಶಾಸ್ತ್ರ, ಭೂಗೋಳ ಎರಡೂ ಒಂದೇ ಹಾಳೆಯಲ್ಲಿ!

ಮಗಳು ಅಜ್ಜಿಯ ಹತ್ತಿರ ಕೂತು ಬಾವಿಯ ಮಾತುಗಳನ್ನು ಬರೆದುಕೊಂಡಳು. ರಾಟೆ, ಹಗ್ಗ, ಕೊಡ, ಪಾತಾಳಗರಡಿ. ಬಾವಿಗೆ ಬಿದ್ದ ಕೊಡವನ್ನು ತಡಕಿ ಎತ್ತುವ ಆ ಕೊಕ್ಕೆಗಳ ಗೊಂಚಲನ್ನು ಅವಳು ನೋಡೇ ಇರಲಿಲ್ಲ. ಅಜ್ಜಿ ಕೈಬೆರಳು ಮಡಚಿ ತೋರಿಸಿದರು, ಇವಳು ಪೆನ್ಸಿಲಿನಲ್ಲಿ ಬಿಡಿಸಿದಳು. ಆ ಚಿತ್ರ ನೋಡಿ ನನಗೆ ಕಣ್ಣು ತುಂಬಿತು. ಈ ಮಾತುಗಳು ನಮ್ಮ ಕಾಲಕ್ಕೇ ಮುಗಿದುಬಿಡುತ್ತಿದ್ದವು, ಅಲ್ವಾ?

ಮುಂದಿನ ತಿಂಗಳು ಉಪ್ಪು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ ಬರುವ ಆಸೆ ಇದೆ.