ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರು ಟಿಕೆಟ್ ತೆಗೆಸುವ ಮೊದಲು

2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರೈಲು ರಿಯಾಯಿತಿ ನಿಂತಿತಲ್ಲ, ರೋಗಿಗಳದ್ದೂ ಅದರ ಜೊತೆಗೇ ಹೋಯಿತು ಅಂದುಕೊಂಡು ಪೂರ್ತಿ ದುಡ್ಡು ಕೊಡುವವರು ಈಗಲೂ ಇದ್ದಾರೆ. ಅದು ಹೋಗಿಲ್ಲ.

ಕಲಬುರಗಿ ಕಡೆಯಿಂದ ಬೆಂಗಳೂರಿನ ಕಿದ್ವಾಯಿಗೋ ಮುಂಬೈನ ಟಾಟಾ ಆಸ್ಪತ್ರೆಗೋ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಅದರಲ್ಲೇ ಶೇ. 75 ಕಡಿತ. ಆರಾಮಾಗಿರಲಿ ಅಂತ ಸೆಕೆಂಡ್ ಎಸಿ ತೆಗೆಸಿದರೆ ಮಾತ್ರ ಇಬ್ಬರಿಗೂ ಸಿಗೋದು ಬರೀ ಶೇ. 50. ಕೀಮೋ ಆದವರಿಗೆ ಥರ್ಡ್ ಎಸಿಯ ಲೋವರ್ ಬರ್ತ್ ಸಾಕು, ಆ ದುಡ್ಡು ಔಷಧಿಗೆ ಇರಲಿ.

ಮಾಫಿ ಅಂದರೂ ಕೌಂಟರಿನಲ್ಲಿ ಒಂದಿಷ್ಟು ಕಟ್ಟಲೇಬೇಕು. ಕಡಿತ ಮೂಲ ದರಕ್ಕೆ ಮಾತ್ರ. ಸ್ಲೀಪರಿನ ಮೂಲ ದರ 400 ರೂ. ಅಂತ ಇಟ್ಟುಕೊಳ್ಳಿ: ರೋಗಿಗೆ ರಿಸರ್ವೇಶನ್ ಶುಲ್ಕ 20, ಜೊತೆಗಾರರಿಗೆ 100ರ ಮೇಲೆ 20, ಒಟ್ಟು 140. ಸೂಪರ್‌ಫಾಸ್ಟ್ ಗಾಡಿಯಾದರೆ ತಲೆಗೆ ಇನ್ನೂ 30. ಎಸಿಯಲ್ಲಿ ಈ ಶುಲ್ಕಗಳು ಹೆಚ್ಚು, ಮೇಲೆ ಜಿಎಸ್‌ಟಿ.

ಹೃದ್ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಹೋಗುವಾಗ, ಕಿಡ್ನಿ ರೋಗಿಗಳಿಗೆ ಕಸಿ ಅಥವಾ ಡಯಾಲಿಸಿಸ್‌ಗೆ ಹೋಗುವಾಗ ಸ್ಲೀಪರ್, ಥರ್ಡ್ ಎಸಿಯಲ್ಲಿ ಶೇ. 75, ಜೊತೆಗಾರರಿಗೂ ಅಷ್ಟೇ. ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರುವವರಿಗೂ ಹೀಗೇ. ಕ್ಷಯ ರೋಗಿಗಳಿಗೆ ಸ್ಲೀಪರಿನಲ್ಲಿ ಶೇ. 75 ಇದೆ, ಥರ್ಡ್ ಎಸಿಯಲ್ಲಿ ಇಲ್ಲ. ಏಡ್ಸ್ ರೋಗಿಗಳಿಗೆ ಸೆಕೆಂಡ್ ಕ್ಲಾಸಿನಲ್ಲಿ ಮಾತ್ರ ಶೇ. 50. ಯಾಕೆ ಈ ಕಂಜೂಸ್‌ತನ, ರೈಲ್ವೆಯವರೇ ಹೇಳಬೇಕು.

ಈ ರಿಯಾಯಿತಿಗೆ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು, ಕೆಲಸ ಕೆಡೋದು ಸಾಮಾನ್ಯವಾಗಿ ಅದರಲ್ಲೇ. ಆಸ್ಪತ್ರೆಯ ಲೆಟರ್‌ಹೆಡ್ಡಿನ ಮೇಲೆ ‘ಇವರು ನಮ್ಮ ರೋಗಿ’ ಅಂತ ಬರೆಸಿಕೊಂಡು ಹೋದರೆ ಕ್ಲರ್ಕ್ ವಾಪಸ್ ಕಳಿಸುತ್ತಾರೆ. ರೈಲ್ವೆಯದೇ ನಮೂನೆ ಇದೆ, ರೋಗಕ್ಕೊಂದು. ರೈಲ್ವೆ ವೆಬ್‌ಸೈಟಿನಿಂದ ಪ್ರಿಂಟ್ ತೆಗೆದು ನೀವೇ ಒಯ್ಯಿರಿ. ಅದಕ್ಕೆ ಸಹಿ ಹಾಕಬೇಕಾದವರು ಮಾನ್ಯತೆ ಪಡೆದ ಆಸ್ಪತ್ರೆಯ ಅಧಿಕಾರಿ, ಊರಿನ ಕ್ಲಿನಿಕ್ಕಿನ ಡಾಕ್ಟರಲ್ಲ. ಸಹಿ, ಸೀಲು, ಹೆಸರು, ವಯಸ್ಸು, ಎಲ್ಲಿಂದ ಎಲ್ಲಿಗೆ ಅನ್ನೋದು ಒಂದೂ ಖಾಲಿ ಇರಬಾರದು. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ, ‘ಮಲ್ಲಪ್ಪ’ ಒಂದು ಕಡೆ ‘ಮಲ್ಲಿಕಾರ್ಜುನ’ ಇನ್ನೊಂದು ಕಡೆ ಆದರೆ ಗಾಡಿಯಲ್ಲಿ ಟಿಸಿ ಜೊತೆ ವಾದ ತಪ್ಪಿದ್ದಲ್ಲ. ಪ್ರಯಾಣದಲ್ಲಿ ಮೂಲ ಪ್ರತಿಯೇ ಕೈಲಿರಲಿ.

ಈ ಟಿಕೆಟ್ ಮೊಬೈಲಿನಲ್ಲಿ ಆಗೋದಿಲ್ಲ, ರಿಸರ್ವೇಶನ್ ಕೌಂಟರಿಗೇ ಹೋಗಬೇಕು. ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲ, ಹಾಗಾಗಿ ಕೊನೇ ಗಳಿಗೆಯಲ್ಲಿ ಓಡಿದರೆ ಪೂರ್ತಿ ದರವೇ ಗತಿ. ಮುಂಗಡ ಬುಕಿಂಗ್ 60 ದಿನ ಮೊದಲೇ ತೆರೆಯುತ್ತೆ. ಕೀಮೋ ಬಹಳ ಜನರಿಗೆ 21 ದಿನಕ್ಕೊಮ್ಮೆ. ಅಂದರೆ ಡಿಸ್ಚಾರ್ಜ್ ದಿನ ಮುಂದಿನ ತಾರೀಖು ಕೇಳಿ, ಊರಿಗೆ ಮರಳುವುದಕ್ಕೂ ಮುಂದಿನ ಸಲ ಬರುವುದಕ್ಕೂ ಸರ್ಟಿಫಿಕೇಟ್ ಅಲ್ಲೇ ಬರೆಸಿಕೊಳ್ಳಿ. ವೇಟಿಂಗ್ ಲಿಸ್ಟ್ ಬಂದರೆ ಪ್ರಯಾಣದ ಹಿಂದಿನ ದಿನ ಪಿಎನ್‌ಆರ್, ಆಸ್ಪತ್ರೆಯ ಪತ್ರ ಹಿಡಿದು ಎಮರ್ಜೆನ್ಸಿ ಕೋಟಾಕ್ಕೆ, ಅಂದರೆ ತುರ್ತಾಗಿ ಹೋಗುವವರಿಗೆ ರೈಲ್ವೆ ಕಾದಿಡುವ ಸೀಟಿಗೆ, ಅರ್ಜಿ ಕೊಡಿ.

ಊರಿಂದ ಸ್ಟೇಷನ್ನಿಗೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸು ಉಚಿತ, ರೋಗಿಗೂ ಜೊತೆಗೆ ಬರುವ ಮಗಳಿಗೂ. ರಾಜಹಂಸ, ಎಸಿ ಬಸ್ಸಿಗೆ ಮಾತ್ರ ಟಿಕೆಟ್ ಕೊಳ್ಳಬೇಕು.